ಹಳೇ ಗಾಡಿಗೆ ಡ್ಯೂಕೋ

ನಮ್ಮ ಕಡೆ ಕಾರಿಗೆ, ಜೀಪಿಗೆ ಬಣ್ಣ ಹೊಡಸೂದಕ್ಕ ಮಂದಿ ಇವತ್ತಿಗೂ ‘ಡ್ಯೂಕೋ ಮಾಡಸೂದು’ ಅಂತಾರ. ಸೋಲಾಪುರದ ಗ್ಯಾರೇಜಿನಾಗ ಕೇಳ್ರಿ, ಅಕ್ಕಲಕೋಟದಾಗ ಕೇಳ್ರಿ, ಇದೇ ಮಾತು. ಡ್ಯೂಕೋ ಅನ್ನೋದು ಅಮೇರಿಕಾದ ಡ್ಯೂಪಾಂಟ್ ಕಂಪನಿ ತನ್ನ ಬಣ್ಣಕ್ಕ ಇಟ್ಟ ಹೆಸರು. ಆ ಕಂಪನಿ ಮೊದಲು ಮದ್ದಿನಪುಡಿ ಮಾಡತಿತ್ತು. ಹತ್ತಿಯನ್ನು ಆಸಿಡ್‌ನಾಗ ನೆನೆಸಿ ಸಿಡಿಮದ್ದು ಮಾಡೋ ವಿದ್ಯೆ ಅವರಿಗೆ ಗೊತ್ತಿತ್ತು. ಅದೇ ಹತ್ತಿಯ ವಿದ್ಯೆಯಿಂದ 1923ರ ಸುಮಾರಿಗೆ ಕಾರಿನ ಬಣ್ಣ ತೆಗೆದರು. ಅದಕ್ಕಿಂತ ಮೊದಲು ಒಂದು ಕಾರಿಗೆ ಬಣ್ಣ ಹಚ್ಚಿ ಒಣಗಿಸಿ ಮುಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಇದು ಬಂದ ಮೇಲೆ ತಾಸುಗಳ ಲೆಕ್ಕಕ್ಕ ಬಂತು. ಗಿರಣಿಗಳ ಊರು ಸೋಲಾಪುರದ ಆಸುಪಾಸಿನಾಗ ಹುಟ್ಟಿ ಬೆಳೆದ ನನಗ ಹತ್ತಿಯಿಂದ ಚಾದರ ಆಗೂದು ಗೊತ್ತಿತ್ತು. ಕಾರಿನ ಬಣ್ಣ ಆಗೂದು ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ.

ಈ ಜಾತಿಯ ಬಣ್ಣಕ್ಕ ಲ್ಯಾಕರ್ ಅಂತಾರ. ಮಾತು ನಮ್ಮ ದೇಶದ್ದೇ. ಲಾಖ್, ಅಂದ್ರ ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚೋದು ಅದೇ ಅರಗು. ಪಾಂಡವರನ್ನು ಸುಡಬೇಕಂತ ದುರ್ಯೋಧನ ಕಟ್ಟಿಸಿದ ಮನೆನೂ ಅರಗಿಂದೇ. ಈಗಿನ ಡಬ್ಬಿಯಾಗಿನ ಲ್ಯಾಕರ್‌ನಾಗ ಅರಗು ಒಂದು ಹನಿ ಇರೂದಿಲ್ಲ. ಬೆಂಕಿ ಹಿಡಿಯೋ ಗುಣ ಮಾತ್ರ ಅದರಾಗಿಂದ ಹೋಗಿಲ್ಲ, ಆ ಮಾತು ಮುಂದ ಹೇಳತೀನಿ.

ನಮ್ಮದು ಕುರ್ಲಾದಾಗ ತಯಾರಾದ ಪದ್ಮಿನಿ ಗಾಡಿ. ಹೆಸರು ಚಿತ್ತೋಡದ ರಾಣಿದು, ಆದರ ಊರ ಮಂದಿ ಬಾಯಾಗ ಅದು ‘ಫಿಯಾಟ್’. ದಪ್ಪು, ತುಂತುಣಿ, ತಾಳ, ಹಾರ್ಮೋನಿಯಂ, ಐದು ಮಂದಿ ಹಾಡೋರು – ಇಷ್ಟು ಹೊತ್ತುಕೊಂಡು ಆಳಂದ, ಇಂಡಿ, ಅಫಜಲಪುರ, ಘತ್ತರಗಿ ಅಂತ ಗೀಗೀ ಪದದ ಹಿಂದ ಇಪ್ಪತ್ತು ವರ್ಷ ತಿರುಗೇದ. ಕೆನೆ ಬಣ್ಣ ಸುಣ್ಣದಂಗ ಆಗಿತ್ತು. ಕೈಯಾಡಿಸಿದರ ಬೆರಳಿಗೆ ಪುಡಿ ಹತ್ತತಿತ್ತು. ಸೋಲಾಪುರದಾಗ ಒಂದು ಗ್ಯಾರೇಜಿನವರನ್ನು ಕೇಳಿದೆ. ಅವರು ಹೇಳಿದ ರೊಕ್ಕಕ್ಕ ಆರು ಕ್ವಿಂಟಲ್ ತೊಗರಿ ಮಾರಬೇಕಿತ್ತು. ಅದನ್ನೂ ಹೆಂಗರೆ ಹೊಂದಸ್ತಿದ್ದೆ. ಆದರ ಅವರು ಇನ್ನೊಂದು ಮಾತು ಹೇಳಿದರು: “ಹಿಂದ ಡಿಕ್ಕಿ ಮ್ಯಾಲಿನ ಅಕ್ಷರ ಎಲ್ಲಾ ಹೋಗತಾವ್ರಿ. ಬೇಕಂದ್ರ ರೇಡಿಯಂನಾಗ ಕಟ್ ಮಾಡಿ ಅಂಟಸ್ತೀವಿ.”

ಆ ಅಕ್ಷರ ಬರೆದಾಂವ ನಮ್ಮ ಮೇಳದಾಗ ತುಂತುಣಿ ಹಿಡಿಯಾಂವ. ಹೊಟ್ಟೆಪಾಡಿಗೆ ದುಕಾನದ ಬೋರ್ಡು ಬರೀತಿದ್ದ. ಹೋದ ಮೇಲೆ ಎರಡು ವರ್ಷ ಆಯಿತು. ಫ್ಲೆಕ್ಸ್ ಬಂದು ಅವನ ಬೋರ್ಡುಗಳನ್ನ ಒಂದೊಂದಾಗಿ ತಿಂತು; ಊರಾಗ ಅವನ ಕೈಯಿಂದು ಈಗ ಬೇರೆ ಒಂದೂ ಉಳಿದಿಲ್ಲ. ನಮ್ಮ ಗಾಡಿಯ ಹಿಂದ ಮ್ಯಾಲೆ ಕನ್ನಡದಾಗ ‘ಮೈಂದರ್ಗಿ’, ಕೆಳಗ ನಾಗರಿಯಾಗ ಅದೇ ಹೆಸರು. ಕನ್ನಡದಾಗ ಅರ್ಕಾವೊತ್ತು ಅಕ್ಷರದ ಬೆನ್ನ ಹಿಂದ ಕೂಡತದ, ನಾಗರಿಯಾಗ ತಲೆ ಮ್ಯಾಲೆ ಏರತದ. ಅಂವ ಎರಡನ್ನೂ ಒಂದೇ ಬಳ್ಳಿಯ ಕುಡಿಯಂಗ ಸುತ್ತಿ ಬರೆದಿದ್ದ. ರೇಡಿಯಂನಾಗ ಅದು ಬರೂದಿಲ್ಲ. ಹಂಗಾಗಿ ಗಾಡಿಯನ್ನ ಹೊಲದಾಗಿನ ಪತ್ರಾ ಶೆಡ್ಡಿನಾಗ ನಾವೇ ಮಾಡೋದು ಅಂತ ಆಯಿತು. ಜೋಡಿಗೆ ಅವನ ಮಗ ಬಂದ. ಕಲಬುರಗಿಯಾಗ ಎರಡು ವರ್ಷ ಗ್ಯಾರೇಜಿನಾಗ ಕೆಲಸ ಮಾಡಿದ ಹುಡುಗ, ಗನ್ ಹಿಡಿಯಾಕ ಬರತದ.

ಇನ್ನು ಬಣ್ಣ ಯಾವುದು ತರಬೇಕು ಅನ್ನೋ ಪ್ರಶ್ನೆ. ದುಕಾನದಾಗ ಮೂರು ತರಹ ಸಿಗತಾವ. ಒಂದು ಎನಾಮಲ್, ನಾವು ಬಾಗಿಲಕ್ಕ, ಬಂಡಿಗೆ ಹಚ್ಚೂದು. ಅದು ಗಾಳಿ ಕುಡಿದು ಗಟ್ಟಿಯಾಗತದ, ದಿನಗಟ್ಟಲೆ ಹಸಿ ಇರತದ. ಅಷ್ಟರಾಗ ನಮ್ಮ ಎರೀ ಹೊಲದ ಧೂಳು ಅದರ ಮ್ಯಾಲೆ ಕೂತು ಸಂಸಾರ ಮಾಡತದ. ಇನ್ನೊಂದು ಪಿಯು. ಬಣ್ಣಕ್ಕ ಹಾರ್ಡನರ್ ಕೂಡಿಸಿ ಹೊಡೀತಾರ, ಹೊಳಪು ಭಾಳ, ಬಾಳಿಕೆನೂ ಭಾಳ. ಆದರ ಆ ಹಾರ್ಡನರ್‌ನಾಗ ಐಸೊಸೈನೇಟ್ ಅನ್ನೋ ಪದಾರ್ಥ ಇರತದ. ಅದು ಉಸುರಿನಾಗ ಹೋದರ ದಮ್ಮು ಹತ್ತತದ, ಒಮ್ಮೆ ಹತ್ತಿದರ ಬಿಡೂದು ಕಷ್ಟ. ಗ್ಯಾರೇಜಿನಾಗ ಬೂತ್, ಹೊರಗಿನ ಗಾಳಿಯ ನಳಿಕೆ ಎಲ್ಲಾ ಇದ್ದರ ಪಿಯುನೇ ಹೊಡಿಸ್ರಿ, ಬಾಡಿಗೆ ಓಡೋ ಗಾಡಿಗಂತೂ ಅದೇ ಸೈ. ನನ್ನಂಥ ಹಾಡೋ ಮನುಷ್ಯಾಗ ಎದೆಯೇ ಬಂಡವಾಳ. ಶೆಡ್ಡಿನಾಗ ಅದು ಬ್ಯಾಡ ಅಂದೆ.

ಉಳಿದದ್ದು ಲ್ಯಾಕರ್. ಇದರಾಗೂ ಎರಡು: ಹತ್ತಿಯಿಂದ ಆದ ಎನ್‌ಸಿ, ಆಮೇಲೆ 1950ರ ದಶಕದಾಗ ಬಂದ ಅಕ್ರಿಲಿಕ್. ಎನ್‌ಸಿ ಅಗ್ಗ, ಆದರ ಬಿಸಿಲಿಗೆ ಹಳದಿ ತಿರಗತದ. ಕೆನೆ ಬಣ್ಣದ ಗಾಡಿಗೆ ಅದು ಎದ್ದು ಕಾಣತದ. ಅಕ್ರಿಲಿಕ್ ಬಣ್ಣ ಹಿಡಕೊಂಡು ಇರತದ. ಅದನ್ನೇ ತಂದಿವಿ, ಆರ್‌ಸಿ ಪುಸ್ತಕದಾಗ ಇದ್ದ ಬಣ್ಣಾನೇ. ಬಣ್ಣ ಬದಲಿಸಿದರ ಆರ್‌ಟಿಓದಾಗ ನಮೂದು ಮಾಡಿಸಬೇಕಾಗತದ, ಅದು ನೆನಪಿರಲಿ.

ಲ್ಯಾಕರಿನ ಗುಣ ತಿಳಕೊಂಡರ ಅರ್ಧ ಕೆಲಸ ಆದಂಗ. ಅದು ಒಣಗೂದು ಥಿನ್ನರ್ ಹಾರಿ ಹೋಗೂದರಿಂದ ಮಾತ್ರ, ಮತ್ತೇನೂ ಆಗೂದಿಲ್ಲ. ಹತ್ತು ಹದಿನೈದು ಮಿನಿಟಿನಾಗ ಕೈಗೆ ಹತ್ತೂದಿಲ್ಲ, ಧೂಳಿಗೆ ಕೂಡಾಕ ಪುರಸೊತ್ತು ಸಿಗೂದಿಲ್ಲ. ಮತ್ತ ಥಿನ್ನರ್ ಬಿದ್ದರ ವರ್ಷ ಆದ ಮೇಲೂ ಕರಗತದ, ಬೆಲ್ಲ ನೀರಿಗೆ ಕರಗಿದಂಗ. ಪೆಟ್ರೋಲ್ ಹನಿ ಬಿದ್ದಲ್ಲಿ ಕಲೆ ಆಗೂದೂ ಇದಕ್ಕೇ. ಇದನ್ನ ಓದಿ ಯಾರರೆ ಮೋಟಾರ್‌ಸೈಕಲ್ಲಿನ ಟಾಕಿಗೆ ಹೊಡಿಯಾಕ ಹೋಗಬ್ಯಾಡ್ರಿ.

ಮೊದಲು ಹಳೇ ಬಣ್ಣ ಯಾವುದು ಅಂತ ನೋಡಬೇಕು. ಚಿಂದಿಗೆ ಥಿನ್ನರ್ ಹಚ್ಚಿ, ಕಾಣದ ಜಾಗಾದಾಗ ಒಂದು ಮಿನಿಟು ಒತ್ತಿ ಹಿಡೀರಿ. ಬಣ್ಣ ಕರಗಿ ಚಿಂದಿಗೆ ಬಂದರ ಲ್ಯಾಕರ್. ಹಾಲಿನ ಕೆನೆಯಂಗ ಸುಕ್ಕು ಕಟ್ಟಿದರ ಎನಾಮಲ್. ಏನೂ ಆಗದಿದ್ದರ ಕಂಪನಿಯಾಗ ಬೇಯಿಸಿದ್ದು, ಇಲ್ಲಾ ಪಿಯು. ನಮ್ಮ ಗಾಡಿ ಎಲ್ಲಾ ಕಡೆ ಜಪ್ಪಯ್ಯ ಅನ್ನಲಿಲ್ಲ, ಆದರ ಹಿಂದಿನ ಎಡಗಡೆ ಬಾಗಿಲು ಸುಕ್ಕು ಕಟ್ಟಿತು. ನಮಗಿಂತ ಮೊದಲಿನ ಧಣಿ ಎಲ್ಲೋ ಎನಾಮಲ್ ಹೊಡಿಸಿದ್ದ. ಎನಾಮಲ್ ಮ್ಯಾಲೆ ಲ್ಯಾಕರ್ ಕೂಡೂದಿಲ್ಲ, ಥಿನ್ನರ್ ಕೆಳಗ ಇಳಿದು ಎಬ್ಬಿಸಿಬಿಡತದ. ಆ ಒಂದು ಬಾಗಿಲನ್ನ ತಗಡು ಕಾಣೋ ತನಕ ಕೆರೆದು ಪ್ರೈಮರ್ ಹಚ್ಚಿದಿವಿ. ತಿರುವಿ ಮಾಡಿದರ ನಡೀತದ: ಪೂರಾ ಒಣಗಿದ ಲ್ಯಾಕರ್ ಮ್ಯಾಲೆ ಎನಾಮಲ್ ಹಚ್ಚಬಹುದು. ಈ ಸಂಗತಿ ಮುಂದ ನಮಗ ಭಾಳ ಉಪಯೋಗಕ್ಕ ಬಂತು.

ಕಾಲನೂ ನೋಡಬೇಕು. ವೈಶಾಖದಾಗ ಇಲ್ಲಿ ಬಿಸಿಲು 42, 43 ಡಿಗ್ರಿ. ಗನ್ನಿನ ಬಾಯಿಂದ ಹೊರಟ ಬಣ್ಣ ತಗಡು ಮುಟ್ಟೂದರಾಗ ಗಾಳಿಯಾಗೇ ಒಣಗಿ ಪುಡಿಯಾಗಿ ಬೀಳತದ, ಕೈಯಾಡಿಸಿದರ ಪಾಲಿಶ್ ಪೇಪರಿನಂಗ ಹತ್ತತದ. ಆವಾಗ ಸಾವಕಾಶ ಹಾರೋ ಥಿನ್ನರ್ ಬೇಕು, ಗನ್ ಒಂದು ಗೇಣಿಗಿಂತ ದೂರ ಹೋಗಬಾರದು. ಮಳಿಗಾಲ ಬ್ಯಾಡೇ ಬ್ಯಾಡ. ದೀಪಾವಳಿ ಮುಗಿದು ಸೋಲಾಪುರದ ಸಿದ್ಧೇಶ್ವರ ಜಾತ್ರಿ ಬರೋದರೊಳಗ, ಮುಂಜಾನೆ ಹತ್ತರಿಂದ ಎರಡರ ತನಕ, ಅದು ಛಲೋ ಹೊತ್ತು. ಜೋಳದ ರಾಶಿ ಚಾಲೂ ಆದರ ಮತ್ತ ಹೊಟ್ಟು ಹಾರತದ.

ಎತ್ತುಗಳನ್ನ ಹೊರಗ ಕಟ್ಟಿ, ನೆಲಕ್ಕ ನೀರಿನ ಥಳಿ ಹೊಡೆದು, ಕೆಲಸ ಹಿಡಿದಿವಿ. ಬೀಡಿ, ಊದಿನಕಡ್ಡಿ, ಒಲೆ ಯಾವುದೂ ಹತ್ತಿರ ಇಲ್ಲ. ಥಿನ್ನರಿನ ಹಬೆ ಗಾಳಿಗಿಂತ ಭಾರ, ನೆಲ ಹಿಡಿದು ಹರೀತದ, ದೂರದ ಕಿಡಿಗೂ ಹೋಗಿ ಮುಟ್ಟತದ. ಕಂಪ್ರೆಸರ್ ಮೋಟಾರನ್ನೂ ಶೆಡ್ಡಿನ ಹೊರಗ ಇಟ್ಟು ಉದ್ದ ಪೈಪು ಎಳೆದಿವಿ. ಮೂಗಿಗೆ ಟವಲ್ ಕಟ್ಟಿದರ ಧೂಳು ನಿಲ್ಲತದ, ಹಬೆ ನಿಲ್ಲೂದಿಲ್ಲ. ಇದ್ದಿಲಿನ ಡಬ್ಬಿ ಇರೋ ಮಾಸ್ಕೇ ಬೇಕು. ಬಣ್ಣ ಒಂದು ಪಾಲಿಗೆ ಥಿನ್ನರ್ ಒಂದೂವರೆ ಪಾಲು. ತೆಳ್ಳಗ ಆರು ಕೈ, ಪ್ರತಿ ಕೈಗೂ ನಡುವ ಹದಿನೈದು ಮಿನಿಟು. ದಪ್ಪ ಹೊಡೆದರ ಬಣ್ಣ ಕೆಲವು ವರ್ಷದಾಗ ಬಿರುಕು ಬಿಡತದ, ಬ್ಯಾಸಿಗಿ ಕೆರೆಯಂಗ.

ಬಾನೆಟ್ ಮ್ಯಾಲೆ ಎರಡು ಕಾಟ ಬಂದವು. ಮೊದಲನೇ ಕೈಗೇ ಮೀನಿನ ಕಣ್ಣಿನಂಥ ಗುಂಡು ಗುಂಡು ತೂತು ಬಿದ್ದವು, ಬಣ್ಣ ಆ ಜಾಗಾ ಬಿಟ್ಟು ಹಿಂದ ಸರೀತಿತ್ತು. ಇದು ಎಣ್ಣೆ ಇಲ್ಲಾ ಸಿಲಿಕಾನ್ ಪಾಲಿಶಿನ ಕೆಲಸ. ಜಾತ್ರಿಯಾಗ ತಲೆಗೆ ಎಣ್ಣೆ ಹಚ್ಚಿಕೊಂಡ ಎಷ್ಟು ಮಂದಿ ಆ ಬಾನೆಟ್ಟಿಗೆ ಆನಿಕೊಂಡು ಪದ ಕೇಳ್ಯಾರೋ! ಪೂರಾ ತಿಕ್ಕಿ ತೆಗೆದು, ಸಾಬಾಣ ನೀರಿನಿಂದ ತೊಳೆದು, ಒಣಗಿದ ಮೇಲೆ ಒಂದು ಹಸಿ ಚಿಂದಿ ಒಂದು ಒಣ ಚಿಂದಿ ಹಿಡಿದು ಸಾಲ್ವೆಂಟ್‌ನಿಂದ ಒರಸಿದಿವಿ. ಒಣ ಚಿಂದಿ ಮುಖ್ಯ. ಹಸಿದರಿಂದ ಒರಸಿ ಬಿಟ್ಟರ ಎಣ್ಣೆ ಜಾಗಾ ಬದಲಿಸತದ, ಅಷ್ಟೇ.

ಇನ್ನೊಂದು, ಅಕಾಲದ ಮಳಿ ಬಂದ ಮರುದಿನದ್ದು. ನಾನು ತೊಗರಿ ತಗೊಂಡು ದುಧನಿ ಬಾಜಾರಕ್ಕ ಹೋಗಿದ್ದೆ. ತಿರುಗಿ ಬಂದರ ಬಾನೆಟ್ ಮ್ಯಾಲೆ ಮಜ್ಜಿಗೆ ಚೆಲ್ಲಿದಂಗ ಬಿಳಿ. ಹುಡುಗನ ಮಾರಿ ಅದಕ್ಕಿಂತ ಬಿಳಿ. “ಕಾಕಾ, ಎಲ್ಲಾ ಕೆಟ್ಟು ಹೋತು” ಅಂದ. ಮಣ್ಣಿನ ಕೊಡದಾಗ ನೀರು ಯಾಕ ತಣ್ಣಗ ಆಗತದ? ಹೊರಗ ಪಸೆ ಆರತದ ಅಂತ. ಹಂಗೇ ಥಿನ್ನರ್ ಬೇಗ ಹಾರಿದಾಗ ತಗಡು ತಣ್ಣಗಾಗತದ, ಗಾಳಿಯಾಗಿನ ಪಸೆ ಇಬ್ಬನಿಯಾಗಿ ಹಸಿ ಬಣ್ಣದಾಗ ಸಿಗಬೀಳತದ. ಕೆರೆಯೋ ಕಾರಣ ಇಲ್ಲ. ಬಿಸಿಲು ಏರಿದ ಮೇಲೆ ಥಿನ್ನರಿಗೆ ಸ್ವಲ್ಪ ರಿಟಾರ್ಡರ್ ಕೂಡಿಸಿ, ಬಣ್ಣ ಇಲ್ಲದೆ ಬರೀ ಅದನ್ನೇ ಹಗುರಕ ಮಂಜಿನಂಗ ಹೊಡೆದಿವಿ. ಲ್ಯಾಕರ್ ಮತ್ತ ಮೆತ್ತಗಾಯಿತು, ಪಸೆ ಹೊರಗ ಹೋತು, ಕಣ್ಣ ಮುಂದೇ ಕೆನೆ ಬಣ್ಣ ತಿರುಗಿ ಬಂತು. ರಿಟಾರ್ಡರ್ ಹೆಚ್ಚು ಹಾಕಿದರ ದಿನಗಟ್ಟಲೆ ಮೆತ್ತಗ ಉಳೀತದ, ಕೈ ಹಿಡಿದು ಹಾಕಬೇಕು.

ಕಡೀಕ ಡಿಕ್ಕಿ. ಅಕ್ಷರ ಎನಾಮಲ್ಲಿನವು, ಅವುಗಳ ಮ್ಯಾಲೆ ಲ್ಯಾಕರಿನ ಹನಿನೂ ಬೀಳಬಾರದು. ಟೇಪು ಅಕ್ಷರಕ್ಕ ಹಚ್ಚಿದರ ಕೀಳೂವಾಗ ಬಣ್ಣ ಎದ್ದು ಬಂದೀತು. ಹಂಗಾಗಿ ಸುತ್ತ ಚೌಕಟ್ಟಿನಂಗ ಜಾಗಾ ಬಿಟ್ಟು, ದಪ್ಪ ಕಾಗದ ಮುಚ್ಚಿ, ಟೇಪು ಅಂಚಿಗೆ ಮಾತ್ರ. ಅಷ್ಟೇ ಆಗಿದ್ದರ ಮುಗೀತಿತ್ತು. ಆದರ ಕನ್ನಡದ ‘ರ್ಗಿ’ ಕೆಳಗ ತಗಡು ಉಬ್ಬಿತ್ತು. ಉಗುರಿನಿಂದ ಒತ್ತಿದರ ಕರ್ ಅಂತು. ತುಕ್ಕು. ಬಿಟ್ಟರ ಎರಡು ಮಳಿಗಾಲದಾಗ ಅಕ್ಷರನೂ ಹೋಗತದ, ತಗಡೂ ಹೋಗತದ.

ಹುಡುಗ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸಂಜಿಗೆ ಅವನ ಅವ್ವನ ಹತ್ತಿರ ಹೋದೆ. ಜೋಳ ಹಸನ ಮಾಡತಿದ್ದಳು. ಹಿಂಗ ಹಿಂಗ ಆಗೇದ ತಂಗಿ, ಏನು ಮಾಡೂದು ಅಂದೆ. ಮೊರ ಕೆಳಗ ಇಡಲಿಲ್ಲ. “ಹುಳುಕ ಹತ್ತಿದ್ದು ಇಟ್ಟರ ಉಳದ ಕಾಳಿಗೂ ಹತ್ತತದಲ್ಲೋ ಅಣ್ಣಾ. ತಗೀರಿ. ಆದ್ರ ಬ್ಯಾರೆ ಯಾರೂ ಬರೀಬಾರ್ದು. ಇವನೇ ಬರೀಲಿ” ಅಂದಳು. ಇಂವ ಅಪ್ಪನ ಬ್ರಶ್ ಒಮ್ಮೆನೂ ಮುಟ್ಟಿದಾಂವಲ್ಲ ಅಂತ ಆಕೆಗೂ ಗೊತ್ತು, ನನಗೂ ಗೊತ್ತು.

ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಿಂದ ಹೆಸರು ಪೂರಾ ತೆಗೆದುಕೊಂಡಿವಿ. ಆಮೇಲೆ ‘ರ್ಗಿ’ ಇದ್ದ ಜಾಗಾ ಬೆಳ್ಳನ ತಗಡಿನ ತನಕ ಕೆರೆದು, ಪ್ರೈಮರ್, ಪುಟ್ಟಿ, ಮತ್ತ ಪ್ರೈಮರ್, ಮ್ಯಾಲೆ ಲ್ಯಾಕರ್. ಒಂದು ವಾರ ಮುಟ್ಟಲಿಲ್ಲ. ಆ ವಾರ ಪೂರಾ ಹುಡುಗ ಹಳೇ ಪತ್ರಾದ ಮ್ಯಾಲೆ ಅದೊಂದೇ ಅಕ್ಷರ ಬರೆದು ಅಳಿಸಿ, ಬರೆದು ಅಳಿಸಿ ಮಾಡಿದ. ಎಂಟನೇ ದಿನ ಎನಾಮಲ್‌ನಿಂದ ಬರೆದ. ಗುಣಿಸು ಸರಿ ಬಂತು. ಅರ್ಕಾವೊತ್ತು ಮಾತ್ರ ಅಪ್ಪನದರಂಗ ಸುತ್ತಲಿಲ್ಲ, ಸ್ವಲ್ಪ ನೆಟ್ಟಗ ನಿಂತದ. ಕೆಂಪೂ ಒಂದು ಛಾಯೆ ಹೆಚ್ಚು. ಅವನ ಅವ್ವ ಬಂದು ನೋಡಿ, ಬೆರಳಿನಿಂದ ‘ಮೈಂದ’ ಮುಟ್ಟಿದಳು, ‘ರ್ಗಿ’ ಮುಟ್ಟಲಿಲ್ಲ. “ಇನ್ನ ಹಸಿ ಇರಬೇಕು” ಅಂದು ಮನಿಗೆ ಹೋದಳು.

ಉಳಿದ ಗಾಡಿಯನ್ನ 1500, 2000 ನಂಬರಿನ ನೀರಿನ ಪೇಪರ್ ಹಿಡಿದು ತಿಕ್ಕಿ, ಕಂಪೌಂಡ್ ಹಚ್ಚಿ ಹೊಳಪು ತಂದಿವಿ. ಲ್ಯಾಕರ್ ತಾನಾಗಿ ಹೊಳೆಯೂದಿಲ್ಲ, ತಿಕ್ಕಿದಷ್ಟು ಹೊಳೀತದ. ಚೌಕಟ್ಟಿನ ಒಳಗ ಕಂಪೌಂಡ್ ಹಾಕಿಲ್ಲ. ಅಲ್ಲಿ ವರ್ಷಕ್ಕ ಎರಡು ಸಲ ಸಿಲಿಕಾನ್ ಇಲ್ಲದ ಮೇಣ ಹಚ್ಚಬೇಕು ಅಂತ ಮಾಡೀವಿ, ಆ ಕೆಲಸ ಹುಡುಗನ ಪಾಲಿಗೆ.