ಅರ್ಧ ಇಂಚಿಗೆ ಒಂದು ಅಡಿ

ಹತ್ತು ಅಡಿ ಅಗಲದ ಅಂಗಡಿಯನ್ನು ಐದು ಇಂಚಿಗೆ ಇಳಿಸುವುದು ಲೆಕ್ಕದ ಮಟ್ಟಿಗೆ ಸುಲಭ. ಒಂದು ಅಡಿಗೆ ಅರ್ಧ ಇಂಚು, ಅಂದರೆ ನಿಜದ ಇಪ್ಪತ್ತನಾಲ್ಕನೇ ಒಂದು ಪಾಲು. ಶಾಲೆಯ ಮಕ್ಕಳ ಅಳತೆಪಟ್ಟಿಯೇ ಸಾಕು. ಏಳು ಅಡಿ ಎತ್ತರದ ಬಾಗಿಲು ಮೂರೂವರೆ ಇಂಚಾಗುತ್ತದೆ, ಮೂರಡಿಯ ಅಕ್ಕಿ ಗೋಣಿ ಒಂದೂವರೆ ಇಂಚಾಗುತ್ತದೆ. ಆದರೆ ರಟ್ಟು, ಕತ್ತರಿ, ಅಂಟು ಹಿಡಿದು ಕೂತ ಮೇಲೆ ತಿಳಿಯುತ್ತದೆ, ಅಳೆಯಬೇಕಾದದ್ದು ಗೋಡೆ ಬಾಗಿಲುಗಳನ್ನು ಮಾತ್ರ ಅಲ್ಲ ಎಂದು.

ನಾವು ಎಂದರೆ ಒಂದೇ ಓಣಿಯ ಮೂರು ಮನೆಗಳ ಮಂದಿ. ನಮ್ಮಲ್ಲಿ ಶಾಲೆಯ ಮೇಷ್ಟ್ರಿದ್ದಾರೆ, ವಯರಿಂಗ್ ಕೆಲಸದವರಿದ್ದಾರೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ, ರಜೆಯಲ್ಲಿ ಮೊಬೈಲಿನಿಂದ ತಲೆ ಎತ್ತದ ಮಕ್ಕಳಿದ್ದಾರೆ. ಕರಾವಳಿಯ ನಮ್ಮ ಸಣ್ಣ ಊರಿನ ಹಳೆಯ ಪೇಟೆ ಬೀದಿ ರಸ್ತೆ ಅಗಲೀಕರಣದಲ್ಲಿ ಹೋಗಿ ವರ್ಷಗಳೇ ಆದವು. ಆ ಬೀದಿಯ ಹದಿನಾಲ್ಕು ಅಂಗಡಿಗಳನ್ನು ಒಂದು ಹಲಗೆಯ ಮೇಲೆ ಮತ್ತೆ ನಿಲ್ಲಿಸಬೇಕೆಂದು ಹೊರಟೆವು. ಮಕ್ಕಳಿಗೆ ಇದು ಆಟ, ಹಿರಿಯರಿಗೆ ನೆನಪು.

ಪುಟ್ಟ ಅಂಗಡಿ ಎಂಬುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಸೀಮೆಯ ದಸರಾ ಬೊಂಬೆಗಳ ಮೆಟ್ಟಿಲಲ್ಲಿ ದವಸಧಾನ್ಯದ ರಾಶಿಯ ಮುಂದೆ ಕೂತ ಶೆಟ್ಟಿ ದಂಪತಿಯನ್ನು ಯಾರು ನೋಡಿಲ್ಲ? ಯುರೋಪು ಅಮೆರಿಕಗಳಲ್ಲಿ ಇದು ಆಟಿಕೆ ರೈಲಿನ ಜೊತೆ ಬೆಳೆದ ದೊಡ್ಡ ಹವ್ಯಾಸ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಂಬತ್ತೇಳನೇ ಒಂದು ಪಾಲು. ಆ ಲೆಕ್ಕದಲ್ಲಿ ಹತ್ತು ಅಡಿಯ ಅಂಗಡಿ 35 ಮಿಲಿಮೀಟರ್ ಮಾತ್ರ. ಅದರ ಫಲಕದ ಅಕ್ಷರ ಓದಲು ಭೂತಗನ್ನಡಿ ಬೇಕು. ನಮ್ಮ ಹಿರಿಯರ ಕಣ್ಣಿಗೆ ಅದು ಆಗುವ ಮಾತಲ್ಲ. ಹಾಗಾಗಿ ಅರ್ಧ ಇಂಚಿನ ಅಳತೆಯನ್ನೇ ಹಿಡಿದೆವು.

ಸಾಮಾನು ಮನೆಯಲ್ಲೇ ಸಿಕ್ಕಿತು. ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು ಗೋಡೆಯಾಯಿತು. ಅಗರಬತ್ತಿಯ ಕಡ್ಡಿ ಕಿಟಕಿಯ ಸರಳಾಯಿತು. ಅಂಗಿಯ ಪೆಟ್ಟಿಗೆಯ ಪಾರದರ್ಶಕ ಹಾಳೆ ಗಾಜಿನ ಕಪಾಟಾಯಿತು. ನಮ್ಮ ಕಡೆಯ ಹಳೆಯ ಅಂಗಡಿಗಳಿಗೆ ಶಟರ್ ಇರಲಿಲ್ಲ, ಒಂದೊಂದಾಗಿ ಜೋಡಿಸುವ ಹಲಗೆ ಬಾಗಿಲು. ಒಂದು ಹಲಗೆ ಒಂಬತ್ತು ಇಂಚು ಅಗಲವಾದರೆ ನಮ್ಮ ಅಳತೆಯಲ್ಲಿ ಇಂಚಿನ ಎಂಟರಲ್ಲಿ ಮೂರು ಪಾಲು. ಐಸ್‌ಕ್ರೀಮ್ ಕಡ್ಡಿಯ ಅಗಲ ಹೆಚ್ಚುಕಡಿಮೆ ಅಷ್ಟೇ! ಹತ್ತು ಕಡ್ಡಿ ಕತ್ತರಿಸಿ ನಿಲ್ಲಿಸಿದರೆ ಏಳೂವರೆ ಅಡಿಯ ಬಾಗಿಲು ಸಿದ್ಧ. ಹಲಗೆಗಳಿಗೆ ಒಂದರಿಂದ ಹತ್ತರವರೆಗೆ ಸಂಖ್ಯೆ ಬರೆದಿರುತ್ತಿದ್ದರು, ಏಕೆಂದರೆ ಕ್ರಮ ತಪ್ಪಿದರೆ ಬಾಗಿಲು ಕೂರುತ್ತಿರಲಿಲ್ಲ. ಆ ಸಂಖ್ಯೆಗಳನ್ನೂ ಸೂಜಿಮೊನೆಯಿಂದ ಬರೆದೆವು.

ಮಾಡಿಗೆ ಬಿಸ್ಕತ್ತು ಪೆಟ್ಟಿಗೆಯ ಸುಕ್ಕು ಕಾಗದ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ನಂತರ ಕರಾವಳಿಯ ಪೇಟೆಗಳಿಗೆಲ್ಲ ಕೆಂಪು ತಲೆ ಬಂತು. ಆದರೆ ನಮ್ಮ ಮಳೆಗೆ ಹೆಂಚು ಕೆಂಪಾಗಿ ಉಳಿಯುವುದಿಲ್ಲ. ಮೊದಲು ಕಪ್ಪು ಬಳಿದು, ಒಣಗಿದ ಮೇಲೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಚೂರೇ ಚೂರು ಕೆಂಪನ್ನು ಉಬ್ಬಿನ ಮೇಲೆ ಸವರಬೇಕು. ಆಗ ಹಾವಸೆ ಹಿಡಿದ ಹೆಂಚು ಕಾಣುತ್ತದೆ. ಗೋಡೆಯ ಬುಡಕ್ಕೆ ಚಹಾದ ಗಸಿ ಹಚ್ಚಿದರೆ ಮಳೆಗಾಲದ ಕೆಸರಿನ ಕಲೆ.

ಇಷ್ಟರವರೆಗೆ ಜಗಳವಿರಲಿಲ್ಲ. ಜಗಳ ಬಂದದ್ದು ಯಾವ ವರ್ಷದ ಬೀದಿ ಎಂಬ ಪ್ರಶ್ನೆಗೆ.

ಮಾದರಿ ಊರು ಕಟ್ಟುವವರು ಯಾರೂ ಈ ಪ್ರಶ್ನೆ ತಪ್ಪಿಸಿಕೊಳ್ಳಲಾರರು. ಇಂಗ್ಲೆಂಡಿನ ಬೆಕನ್ಸ್‌ಕಾಟ್ ಎಂಬ ಮಾದರಿ ಹಳ್ಳಿ 1929ರಲ್ಲಿ ಆರಂಭವಾಯಿತು. ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಹೋದ ಅದನ್ನು 1990ರ ದಶಕದಲ್ಲಿ ಮತ್ತೆ 1930ರ ದಶಕಕ್ಕೇ ಹಿಂತಿರುಗಿಸಿದರು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ 1952ರಲ್ಲಿ ತೆರೆದ ಮದುರೋಡಾಮ್ ಇದಕ್ಕೆ ವಿರುದ್ಧ. ಇಪ್ಪತ್ತೈದನೇ ಒಂದು ಪಾಲಿನ ಆ ಊರು ದೇಶದ ಜೊತೆ ತಾನೂ ಹೊಸತಾಗುತ್ತಾ ಬಂದಿದೆ. ಅದಕ್ಕೆ ಆ ಹೆಸರು ಬಂದದ್ದು ಜಾರ್ಜ್ ಮದುರೊ ಎಂಬ ಯಹೂದಿ ಯುವಕನಿಂದ. ನಾಜಿಗಳ ವಿರುದ್ಧ ಹೋರಾಡಿದ ಆತ 1945ರಲ್ಲಿ ಡಾಖಾವ್ ಯಾತನಾ ಶಿಬಿರದಲ್ಲಿ ತೀರಿಕೊಂಡ. ಹೆತ್ತವರು ಮಗನ ನೆನಪಿಗೆ ಕಲ್ಲಿನ ಸ್ಮಾರಕ ನಿಲ್ಲಿಸುವ ಬದಲು ಆ ಪುಟ್ಟ ಊರಿಗೆ ಹಣ ಕೊಟ್ಟರು. ದಮಾಸ್ಕಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿರುವ ವಾಸ್ತುಶಿಲ್ಪಿ ಮುಹಮ್ಮದ್ ಹಾಫಿಝ್ ತನ್ನ ಊರಿನ ಗೋಡೆ, ಬಾಲ್ಕನಿಗಳನ್ನು ಅಂಗೈಯಗಲಕ್ಕೆ ಇಳಿಸಿ ಹಳೆಯ ಸೂಟ್‌ಕೇಸುಗಳೊಳಗೆ ಕಟ್ಟಿದ್ದಾರೆ. ಹೋಗಲಾಗದ ಊರನ್ನು ಕೈಯಲ್ಲಿ ಮಾಡಿಕೊಳ್ಳುವುದು ಬರೀ ಹೊತ್ತು ಕಳೆಯುವ ಕೆಲಸವಲ್ಲ.

ನಮ್ಮ ಹಿರಿಯರು 1985 ಎಂದರು. ಆಗ ವ್ಯಾಪಾರ ಚೆನ್ನಾಗಿತ್ತು, ಎಲ್ಲರೂ ಅಣ್ಣತಮ್ಮಂದಿರಂತಿದ್ದರು ಎಂಬುದು ಅವರ ವಾದ. ಮಕ್ಕಳು ಈಗಿನದ್ದೇ ಮಾಡೋಣ ಎಂದರು. ಕೊನೆಗೆ ಒಪ್ಪಿದ್ದು 1994ಕ್ಕೆ. ಕಾರಣ ಸರಳ. ಆ ವರ್ಷದ ಮದುವೆ ಫೋಟೋಗಳಲ್ಲಿ ಮದುಮಗನ ಮೆರವಣಿಗೆಯ ಹಿಂದೆ ಅಂಗಡಿಗಳು ಸಾಲಾಗಿ ಕಾಣುತ್ತವೆ. ಆ ಬೀದಿಯಲ್ಲಿ ವ್ಯಾಪಾರ ಮಾಡಿದವರಲ್ಲಿ ಕೆಲವರು ಇಂದೂ ನಮ್ಮೊಡನಿದ್ದಾರೆ. ಸಾಕ್ಷಿ ಹೇಳುವವರು ಇರುವ ವರ್ಷವನ್ನೇ ಆರಿಸಿಕೊಳ್ಳಬೇಕು, ಸಿಹಿಯಾದ ವರ್ಷವನ್ನಲ್ಲ.

1994 ಎಂದೊಡನೆ ಫಲಕಗಳು ಬದಲಾದವು. ಫ್ಲೆಕ್ಸ್ ಇಲ್ಲ. ಕಂಪ್ಯೂಟರಿನ ಅಚ್ಚು ಅಕ್ಷರಗಳಿಲ್ಲ. ನಾವೆಲ್ಲ ಬಳಸುವ 'ಬರಹ' ತಂತ್ರಾಂಶ ಬಂದದ್ದೇ 1998ರಲ್ಲಿ. ಪೇಂಟರ್ ಕೈಯಲ್ಲಿ ಬರೆದ, ಬಲಗಡೆ ನೆರಳು ಬಿದ್ದ ಗುಂಡು ಅಕ್ಷರಗಳು ಬೇಕು. ಎಸ್‌ಟಿಡಿ ಬೂತಿನ ಫಲಕಕ್ಕೆ ಹಳದಿ ಬಣ್ಣ ಬೇಕು. ಕನ್ನಡ ಫಲಕದ ಕೆಳಗೆ ಬ್ಯಾರಿ, ತುಳು, ಕೊಂಕಣಿ ಮೂರೂ ಮಾತು ಕೇಳಿಸುತ್ತಿದ್ದ ಬೀದಿಯದು. ಆದರೆ ಮಾತನ್ನು ಯಾವ ಅಳತೆಗೂ ಇಳಿಸಲಾಗದು.

1994 ಎಂದೊಡನೆ ಇನ್ನೊಂದು ಸಂಗತಿಯೂ ಬಂತು. 1992ರ ಡಿಸೆಂಬರಿನಲ್ಲಿ ನಮ್ಮ ಬೀದಿಯ ಒಂದು ಟೈಲರ್ ಅಂಗಡಿಗೆ ಬೆಂಕಿ ಬಿದ್ದಿತ್ತು. ಮುಂಬಾಗಿಲ ಹಲಗೆಗಳು ಸುಟ್ಟವು, ಒಳಗಿನ ಬಟ್ಟೆ ಹೋಯಿತು. ಆ ಅಂಗಡಿಗೂ ಪಕ್ಕದ ಕೊಂಕಣಿ ಕುಟುಂಬದ ಜೀನಸಿನ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಿಂದಿನ ಸಾಲು ಅಂಗಡಿಗಳೆಲ್ಲ ಹಾಗೆಯೇ, ಎರಡು ಅಂಗಡಿಗೆ ಒಂದು ಗೋಡೆ, ಒಂದೇ ತೊಲೆ. ಜೀನಸಿನ ಅಂಗಡಿಯವರು ತಮ್ಮ ಬಾವಿಯ ನೀರು ಹೊತ್ತು ಬೆಂಕಿ ಆರಿಸಿದರು. ಗೋಡೆ ಉಳಿಸಲೋ ನೆರೆಯವನನ್ನು ಉಳಿಸಲೋ ಎಂದು ಈಗ ಕೇಳಿದರೆ ಅವರ ಮನೆಯವರು ನಗುತ್ತಾರೆ. ಎರಡೂ ಒಂದೇ ಆಗಿತ್ತಲ್ಲ ಎನ್ನುತ್ತಾರೆ.

ಇದನ್ನು ತೋರಿಸಬೇಕೇ? ಮಕ್ಕಳ ಕಣ್ಣಿಗೆ ಬೇಡ ಎಂದವರಿದ್ದರು. ಮಸಿ ಬಳಿದು ಎದ್ದು ಕಾಣುವಂತೆ ಮಾಡಬೇಕೆಂದವರೂ ಇದ್ದರು. ಟೈಲರ್ ಅಂಗಡಿಯ ಹಿರಿಯರೇ ದಾರಿ ತೋರಿಸಿದರು. 1994ರಲ್ಲಿ ಬಾಗಿಲು ಹೇಗಿತ್ತೋ ಹಾಗೆ ಮಾಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದರು. ಆಗ ಹತ್ತರಲ್ಲಿ ಆರು ಹಲಗೆ ಹೊಸತು, ನಾಲ್ಕು ಹಳತು. ಹಾಗೆಯೇ ಮಾಡಿದ್ದೇವೆ. ಆರು ಕಡ್ಡಿಗಳಿಗೆ ಬಣ್ಣ ಹಚ್ಚಿಲ್ಲ, ಹಸಿ ಮರದ ಬಿಳುಪಿನಲ್ಲಿ ಬಿಟ್ಟಿದ್ದೇವೆ. ಕೇಳಿದವರಿಗೆ ಮಾತ್ರ ಹೇಳುತ್ತೇವೆ. ಆ ಎರಡು ಅಂಗಡಿಗಳನ್ನು ಬೇರೆ ಬೇರೆಯಾಗಿ ಮಾಡದೆ ನಡುವೆ ಒಂದೇ ರಟ್ಟಿನ ಗೋಡೆ ಕೊಟ್ಟಿದ್ದೇವೆ. ಒಂದನ್ನು ಕಿತ್ತರೆ ಇನ್ನೊಂದು ನಿಲ್ಲುವುದಿಲ್ಲ.

ಮುಂದಿನ ಪ್ರಶ್ನೆ ಮನುಷ್ಯರದ್ದು. ಬೀದಿ ಎಂದ ಮೇಲೆ ಜನ ಬೇಡವೇ? ಬೊಂಬೆ ಮಾಡುವುದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಆಯಿಶಾ(ರ) ಅವರ ಬಾಲ್ಯದ ಬೊಂಬೆಗಳಲ್ಲಿ ರೆಕ್ಕೆಯ ಕುದುರೆಯೂ ಇತ್ತು, ಅದನ್ನು ಕಂಡು ಪ್ರವಾದಿಯವರು(ಸ) ನಕ್ಕರು ಎಂಬ ವರದಿಯನ್ನು ಮೇಷ್ಟ್ರು ನೆನಪಿಸಿದರು. ಮನೆಯ ಅಜ್ಜಿಗೆ ಸಮಾಧಾನವಾಗಲಿಲ್ಲ. ವಾದ ಬೆಳೆಸದೆ ಜನರ ಬದಲು ಜನರ ಗುರುತುಗಳನ್ನು ಇಟ್ಟೆವು. ಮಸೀದಿಯ ಮೆಟ್ಟಿಲ ಬಳಿ ಇಪ್ಪತ್ತು ಜೋಡಿ ಚಪ್ಪಲಿ. ಹೋಟೆಲಿನ ಬೆಂಚಿನ ಮೇಲೆ ಅರ್ಧ ಕುಡಿದ ಚಹಾ. ಗೋಡೆಗೆ ಒರಗಿಸಿದ ಸೈಕಲ್, ಬಾಗಿಲಿಗೆ ತೂಗುಹಾಕಿದ ಒದ್ದೆ ಕೊಡೆ. ಕೈಕಾಲು ಎತ್ತಿ ಹಾಗೇ ನಿಂತುಬಿಟ್ಟ ಬೊಂಬೆಗಳಿಗಿಂತ ಇದೇ ಹೆಚ್ಚು ಜೀವಂತವಾಗಿ ಕಂಡಿತು. ಈಗಷ್ಟೇ ಒಳಗೆ ಹೋದವರು ಇನ್ನೇನು ಹೊರಗೆ ಬರುತ್ತಾರೆ ಅನಿಸುತ್ತದೆ.

ಹದಿನಾಲ್ಕು ಅಂಗಡಿಗಳೂ ನಿಂತ ಮೇಲೆ ನಮ್ಮ ಹೆಂಗಸರು ಹಲಗೆಯ ಸುತ್ತ ಬಂದು ನೋಡಿ ಕೇಳಿದರು: "ನಾವೆಲ್ಲಿ?" ಅಂಗಡಿಯ ಮುಖ ಎಂದರೆ ಅಂಗಡಿ ಇದ್ದವರ ಮುಖ. ಗಲ್ಲೆಯಲ್ಲಿ ಕೂತವರೆಲ್ಲ ಗಂಡಸರೇ. ಆದರೆ ವಾರದ ದಿನಗಳಲ್ಲಿ ಬೀಡಿ ಬ್ರಾಂಚಿನ ಮುಂದೆ ಮೊರ ಹಿಡಿದು ನಿಲ್ಲುತ್ತಿದ್ದ ಸಾಲಿನಲ್ಲಿ ನಮ್ಮ ತಾಯಂದಿರಿದ್ದರು, ಬಿಲ್ಲವರ, ಮೊಗವೀರರ ಮನೆಯ ತಾಯಂದಿರೂ ಇದ್ದರು. ಎಲೆ ತಂಬಾಕು ತೂಗಿ ಕೊಡುವಾಗ ತಕ್ಕಡಿಯ ಮುಳ್ಳನ್ನು ಅವರು ಹೇಗೆ ದಿಟ್ಟಿಸುತ್ತಿದ್ದರೆಂಬುದನ್ನು ಹೇಳಿದರು. ಎಲೆ ಕಡಿಮೆ ಬಂದರೂ ಬೀಡಿ ಲೆಕ್ಕಕ್ಕೆ ಸರಿಯಾಗಿ ಕೊಡಬೇಕಿತ್ತು. ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಶುರುವಾಗುವುದೇ ಅಳತೆ ತೂಕದಲ್ಲಿ ಮೋಸ ಮಾಡುವವರ ವಿಷಯದಿಂದ. ಅದನ್ನು ವ್ಯಾಪಾರಕ್ಕೆ ಮಾತ್ರ ಹೇಳಿದ್ದೆಂದು ತಿಳಿಯಬೇಕಾಗಿಲ್ಲ. ಊರಿನ ನೆನಪನ್ನು ಅಳೆಯುವಾಗ ನಮ್ಮ ಕಡೆಗೆ ಪೂರ್ತಿ ತುಂಬಿ, ಬೇರೆಯವರ ಕಡೆಗೆ ಕಡಿಮೆ ಸುರಿಯುವುದೂ ಅದೇ ಮೋಸವಲ್ಲವೇ?

ಹಾಗಾಗಿ ಬೀಡಿ ಬ್ರಾಂಚಿನೊಳಗೆ ಗುಂಡಿಯ ತಟ್ಟೆ, ಹೊಲಿಗೆ ದಾರಗಳ ತಕ್ಕಡಿ ಬಂತು. ಹೊರಗೆ ಸಾಲಾಗಿ ಹನ್ನೆರಡು ಮೊರಗಳು ಬಂದವು. ಅಂಗಡಿ ಇಲ್ಲದ ಉಳಿದವರನ್ನೂ ಕೇಳಿ ಕೇಳಿ ಅಳೆದೆವು. ಮಸೀದಿ ತಿರುವಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರ ಗೋಣಿಪಾಟಿಗೆ ಮೂರು ಅಡಿ, ಅಂದರೆ ಒಂದೂವರೆ ಇಂಚು. ಮೀನಿನ ಬುಟ್ಟಿಗೆ ಮುಕ್ಕಾಲು ಇಂಚು. ಜಾತ್ರೆಯ ದಿನ ದೇವಸ್ಥಾನದ ಗದ್ದೆಯಲ್ಲಿ ಬಳೆ, ಆಟಿಕೆ ಮಾರುತ್ತಿದ್ದ ನಮ್ಮವರ ಟಾರ್ಪಾಲಿಗೆ ಎಂಟಡಿ, ಅಂದರೆ ನಾಲ್ಕು ಇಂಚು.

ಜಾತ್ರೆಯ ಅಂಗಡಿಗೆ ಮುಖವೇ ಇಲ್ಲ. ನಾಲ್ಕು ಬಿದಿರು, ಒಂದು ಟಾರ್ಪಾಲು, ಒಂದು ರಾತ್ರಿಯ ಬಾಳು. ಅದನ್ನು ಅಳಿಸುವುದು ಎಲ್ಲಕ್ಕಿಂತ ಸುಲಭ. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಕೊಡಲಿಲ್ಲ. ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಆ ವರ್ಷಗಳ ನಂತರ ಹುಟ್ಟಿ ಬೆಳೆಯುವ ಮಗು, ಜಾತ್ರೆಯಲ್ಲಿ ನಮ್ಮವರು ಬಳೆ ಮಾರುತ್ತಿದ್ದರು ಎಂದರೆ ನಂಬದೇ ಹೋಗಬಹುದು. ನಾಲ್ಕು ಇಂಚಿನ ಆ ನೀಲಿ ಟಾರ್ಪಾಲು ಯಾರ ಮೇಲೂ ದೂರು ಹೇಳುವುದಿಲ್ಲ. ಇಲ್ಲಿ ಇದು ಇತ್ತು ಎಂದಷ್ಟೇ ಹೇಳುತ್ತದೆ.

ನಮ್ಮ ಬೀದಿ ಈಗ ಆರಡಿ ಉದ್ದದ ಹಲಗೆಯ ಮೇಲಿದೆ. ಎಲ್‌ಇಡಿ ದೀಪಕ್ಕೆ ಹಳದಿ ಸೆಲ್ಲೋಫೇನ್ ಸುತ್ತಿದ್ದರಿಂದ ಸಂಜೆಯ ಹೊತ್ತು ಹಳೆಯ ಬಲ್ಬಿನ ಬೆಳಕೇ ಬರುತ್ತದೆ. ನೋಡಲು ಬರುವ ಹಿರಿಯರು ಮೊದಲು ತಮ್ಮ ಅಂಗಡಿ ಹುಡುಕುತ್ತಾರೆ, ಆಮೇಲೆ ಪಕ್ಕದವನದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಜೀನಸಿನ ಅಂಗಡಿಯ ಅಜ್ಜ ಬಂದವರು ಟೈಲರ್ ಅಂಗಡಿಯ ಬಿಳಿ ಹಲಗೆಗಳನ್ನು ಉಗುರಿನಿಂದ ಮೆಲ್ಲನೆ ಎಣಿಸಿ, ಆರು ಸರಿ ಎಂದರು.

ನಿಮ್ಮ ಊರಿನಲ್ಲೂ ಹಲಗೆ ಬಾಗಿಲಿನ ಒಂದೋ ಎರಡೋ ಅಂಗಡಿ ಉಳಿದಿರಬಹುದು. ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಟೇಪು ಕೊಟ್ಟು ಅಲ್ಲಿಗೆ ಕಳಿಸಿ. ಬಾಗಿಲು ಅಳೆಯಲಿ, ಹಲಗೆ ಎಣಿಸಲಿ, ಗಲ್ಲೆಯಲ್ಲಿ ಕೂತವರನ್ನು ಮಾತಾಡಿಸಲಿ. ಜಗಲಿಯ ಕೆಳಗೆ ಬುಟ್ಟಿ ಇಟ್ಟು ಕೂತವರಿದ್ದರೆ ಅವರ ಜಾಗವನ್ನೂ ಬರೆದುಕೊಂಡು ಬರಲಿ.