ಅರ್ಧ ಪಾಲು

ಕೋಡಿಬಾಗದ ನಮ್ಮ ಸೋದರಮಾವನಿಗೆ ಬಂದ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅತ್ತೆ "ಅದು" ಎನ್ನುತ್ತಾರೆ, ಅಷ್ಟೆ. ಪ್ರೊಸ್ಟೇಟಿಗೆ ಕನ್ನಡದಲ್ಲಿ ಮನೆಮಾತಿನ ಹೆಸರೇ ಇಲ್ಲವೆಂಬುದು ಕನ್ನಡ ಮೇಷ್ಟ್ರಾದ ನನಗೆ ಆಗಲೇ ಹೊಳೆದದ್ದು. ಹೆಸರಿಲ್ಲದ ಅಂಗದ ಕುರಿತು ಗಂಡಸರು ಬಾಯಿಬಿಡುವುದಾದರೂ ಹೇಗೆ!

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಕೂತ ಅಕ್ರೋಟಿನಷ್ಟು ದೊಡ್ಡ ಗ್ರಂಥಿ ಅದು. ರಕ್ತದಲ್ಲಿ ಪಿಎಸ್‌ಎ ಏರಿತ್ತು, ಎಂಆರ್‌ಐ ಆಯಿತು, ಸೂಜಿ ಹಾಕಿ ತುಣುಕು ತೆಗೆದು ನೋಡಿದರು. ಕ್ಯಾನ್ಸರೇ ಹೌದು. ಆದರೆ ಮೆಲ್ಲಗೆ ಬೆಳೆಯುವ ಜಾತಿ. ಗ್ರಂಥಿಯ ಒಂದು ಮಗ್ಗುಲು ಬಿಟ್ಟು ಆಚೆಗೆ ಹೋಗಿರಲಿಲ್ಲ.

ಇಡೀ ಗ್ರಂಥಿಯನ್ನೇ ತೆಗೆಯುವ ಶಸ್ತ್ರಕ್ರಿಯೆ ಹಳೆಯದು. ಅಮೆರಿಕದ ಹ್ಯೂ ಯಂಗ್ 1904ರಲ್ಲಿಯೇ ಅದನ್ನು ಮಾಡಿದ್ದರು. ಪ್ರಾಣ ಉಳಿದರೂ ಮೂತ್ರದ ಹಿಡಿತ, ದಾಂಪತ್ಯದ ಶಕ್ತಿ ಹಲವರಿಗೆ ಉಳಿಯುತ್ತಿರಲಿಲ್ಲ. 1982ರಲ್ಲಿ ಪ್ಯಾಟ್ರಿಕ್ ವಾಲ್ಶ್ ನರಗಳನ್ನು ಉಳಿಸುವ ದಾರಿ ತೋರಿದರು. ಈಚೆಗೆ ಕೆಲವೆಡೆ ರೋಗವಿರುವ ಪಾಲನ್ನಷ್ಟೇ ಕತ್ತರಿಸಿ, ಮಿಕ್ಕದ್ದನ್ನು ಬಿಡುತ್ತಾರಂತೆ. ಮಾವನಿಗೆ ಇದು ಬಹಳ ಹಿಡಿಸಿತು. "ಕೊಳೆತ ಮಗ್ಗುಲು ಕೊಯ್ದು ಹಣ್ಣು ತಿನ್ನುವುದಿಲ್ಲವೇ?" ಎಂದರು.

ಡಾಕ್ಟರು ನಗಲಿಲ್ಲ. ಈ ರೋಗ ಒಂದೇ ಗ್ರಂಥಿಯಲ್ಲಿ ಎರಡು ಮೂರು ಕಡೆ ಮೊಳೆಯುವುದುಂಟು. ಉಳಿಸಿದ ಭಾಗವನ್ನು ಕಡೆತನಕ ಕಾಯಬೇಕು, ಮತ್ತೊಮ್ಮೆ ಕೊಯ್ಯಬೇಕಾದೀತು. ಹೀಗೆ ಮಾಡಿಸಿಕೊಂಡವರು ಕಡಿಮೆ, ಅವರ ಬಹುಕಾಲದ ಲೆಕ್ಕ ಇನ್ನೂ ಸಿಕ್ಕಿಲ್ಲ ಎಂದರು.

2024ರ ಆಗಸ್ಟ್ 7ರ ರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದದ್ದು ಕೋಡಿಬಾಗದವರಿಗೆ ಮರೆಯುವಂಥದಲ್ಲ. "ಪಕ್ಕದ್ದು ನಿಂತಿದೆ ಡಾಕ್ಟರೇ. ಆದರೂ ಅದರ ಮೇಲೆ ಹೋಗುವಾಗ ಕೆಳಗೆ ನೋಡುತ್ತೇನೆ. ಉಳಿದ ಅರ್ಧದ್ದೂ ಇದೇ ಪಾಡೇ?"

"ಬಹುಮಟ್ಟಿಗೆ."

ಕೊಯ್ಯದೆ ಕಾಯುವ ಮೂರನೆಯ ದಾರಿಯೂ ಇತ್ತು. ಬ್ರಿಟನ್ನಿನಲ್ಲಿ 1,643 ಮಂದಿಯನ್ನು ಸುಮಾರು 15 ವರ್ಷ ನೋಡಿದರು. ಶಸ್ತ್ರಕ್ರಿಯೆ, ವಿಕಿರಣ, ಬರೀ ನಿಗಾ, ಯಾವುದಕ್ಕೆ ಸೇರಿದ್ದರೂ ನೂರಕ್ಕೆ ಸುಮಾರು 97 ಜನ ಈ ರೋಗದಿಂದ ಸಾಯಲಿಲ್ಲವೆಂದು 2023ರಲ್ಲಿ ಪ್ರಕಟವಾಯಿತು. ಎಲ್ಲರ ರೋಗಕ್ಕೂ ಈ ಮಾತು ಸಲ್ಲದು. ಮಾವನದಕ್ಕೆ ಸಲ್ಲುತ್ತದೆಂದು ಡಾಕ್ಟರರ ಅಭಿಪ್ರಾಯ.

ಆಗ ಮಾವ ನನ್ನತ್ತ ತಿರುಗಿ, "ಮಾಸ್ತರಾ, ನೀನು ಸ್ವಲ್ಪ ಹೊರಗೆ ನಿಲ್ಲು" ಎಂದರು. ಅತ್ತೆ ಒಳಗೇ ಉಳಿದರು.

ಕಾಲುಗಂಟೆಯಾಯಿತು. ಮೊದಲು ಹೊರಬಂದವರು ಅತ್ತೆ. "ಕಾಯುವುದಂತೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಶ್ರಾವಣದಲ್ಲಿ ಮುಂದಿನದು; ಮರೆಯದೆ ಬರೆದಿಟ್ಟುಕೋ" ಎಂದರು.