ಪರರ ಕುದುರೆ, ತಮ್ಮ ದುಡಿಮೆ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಸೌತಾಂಪ್ಟನ್ ಎಂಬ ರೇವುಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ೧೦ ಮೈಲಿ ಹೋದರೆ ಲಿಂಡ್‌ಹರ್ಸ್ಟ್ ಎಂಬ ಊರು ಸಿಕ್ಕುವುದು. ಅದರ ಸುತ್ತಲೂ ಹಬ್ಬಿರುವ ಸೀಮೆಗೆ ‘ನ್ಯೂ ಫಾರೆಸ್ಟ್’, ಎಂದರೆ ಹೊಸ ಅರಣ್ಯ, ಎಂದು ಹೆಸರು. ಹೆಸರಿನಲ್ಲಿ ಹೊಸದೇ ಹೊರತು ವಯಸ್ಸಿನಲ್ಲಿ ಅದು ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯಕ್ಕಿಂತಲೂ ಹಿರಿಯದು. ನಾರ್ಮಂಡಿಯಿಂದ ದಂಡೆತ್ತಿ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯು ೧೦೭೯ರ ಸುಮಾರಿನಲ್ಲಿ ಇದನ್ನು ತನ್ನ ಬೇಟೆಗಾಗಿ ಕಾದಿರಿಸಿದನು. ಅವನ ಮಗನಾದ ಎರಡನೆಯ ವಿಲಿಯಂ ೧೧೦೦ರಲ್ಲಿ ಇದೇ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಬಾಣ ತಗುಲಿ ಮೃತನಾದನು. ೨೦೦೫ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು.

ಅರಣ್ಯವೆಂದೊಡನೆ ನಮ್ಮ ಮಲೆನಾಡಿನ ದಟ್ಟವಾದ ಕಾಡನ್ನು ವಾಚಕರು ಊಹಿಸಿಕೊಳ್ಳಬಾರದು. ಓಕ್ ಮತ್ತು ಬೀಚ್ ಮರಗಳ ತೋಪುಗಳು ಅಲ್ಲಲ್ಲಿ ಇವೆಯಾದರೂ, ಬಹುಭಾಗವು ಮುಳ್ಳುಪೊದೆಗಳೂ ಕುರುಚಲು ಗಿಡಗಳೂ ಬೆಳೆದ ಬಯಲು. ಆ ಬಯಲಿನಲ್ಲಿ ಹಗಲಿರುಳೂ ಸಾವಿರಾರು ಕುದುರೆಗಳು ತಮ್ಮಷ್ಟಕ್ಕೆ ತಾವು ಮೇಯುತ್ತಿರುವುವು. ಇವು ಗಿಡ್ಡ ಜಾತಿಯವು. ಪೋನಿ ಎಂದು ಕರೆಯುವರು. ಊರಿನ ಬೀದಿಯಲ್ಲಿಯೂ ಅವು ನಿರಾತಂಕವಾಗಿ ನಡೆದುಬರುತ್ತವೆ. ಅಂಗಡಿಯ ಬಾಗಿಲಲ್ಲಿ ತಾಯಿಯೂ ಮರಿಯೂ ನಿಂತಿದ್ದರೆ ಗಿರಾಕಿಗಳೇ ಬಳಸಿಕೊಂಡು ಹೋಗುವರು. ರಸ್ತೆಯ ನಡುವೆ ಒಂದು ಕುದುರೆ ನಿಂತಿತೆಂದರೆ ಮೋಟಾರುಗಳ ಸಾಲೆಲ್ಲವೂ ಅದರ ಮರ್ಜಿಯನ್ನು ಕಾಯಬೇಕು. ಮೊದಲ ದಿನ ಇದನ್ನು ಕಂಡು, ‘ಇವು ಬೀಡುಬಿಟ್ಟ ಕುದುರೆಗಳೇ?’ ಎಂದು ಕೇಳಿದೆನು. ‘ಇಲ್ಲ ತಾತ, ಒಂದೊಂದಕ್ಕೂ ಒಡೆಯರಿದ್ದಾರೆ’ ಎಂದು ನನ್ನ ಮೊಮ್ಮಗಳು ಹೇಳಿದಳು.

ಅವಳು ಹೇಳಿದುದು ನಿಜ. ಕಾಡಿನ ನೆಲವು ಬಹುಮಟ್ಟಿಗೆ ಸರ್ಕಾರದ್ದು. ಆದರೆ ಸುತ್ತಲಿನ ಕೆಲವು ಮನೆಗಳಿಗೂ ಹೊಲಗಳಿಗೂ ಅಲ್ಲಿ ದನಕುದುರೆಗಳನ್ನು ಮೇಯಿಸುವ ಹಕ್ಕು ತಲತಲಾಂತರದಿಂದ ಅಂಟಿಕೊಂಡು ಬಂದಿದೆ. ಹಕ್ಕು ಮನುಷ್ಯನದಲ್ಲ, ನೆಲದ್ದು. ಮನೆಯನ್ನು ಮಾರಿದರೆ ಹಕ್ಕೂ ಅದರ ಜೊತೆಗೇ ಹೋಗುವುದು. ಇದನ್ನು ನೋಡಿಕೊಳ್ಳಲು ‘ವರ್ಡರರ್’ ಎಂಬ ಅಧಿಕಾರಿಗಳ ಸಭೆಯೊಂದು ಲಿಂಡ್‌ಹರ್ಸ್ಟಿನಲ್ಲಿ ಈಗಲೂ ಸೇರುತ್ತದೆ. ಅವರ ಕೈಕೆಳಗೆ ‘ಅಜಿಸ್ಟರ್’ ಎಂಬ ನೌಕರರಿದ್ದಾರೆ. ಇವರು ಕುದುರೆಗಳನ್ನು ಅಟ್ಟಿ ತಂದು, ಆ ವರ್ಷದ ಶುಲ್ಕ ಸಲ್ಲಿಸಿದ ಗುರುತಾಗಿ ಬಾಲದ ಕೂದಲನ್ನು ಒಂದು ಬಗೆಯಲ್ಲಿ ಕತ್ತರಿಸುವರು. ಒಬ್ಬೊಬ್ಬ ಅಜಿಸ್ಟರನ ಕತ್ತರಿಯ ರೀತಿ ಬೇರೆಬೇರೆ. ಆದುದರಿಂದ ಬಾಲವನ್ನು ನೋಡಿ ಕುದುರೆ ಯಾವ ಕಡೆಯದೆಂದು ಬಲ್ಲವರು ಹೇಳಬಹುದು. ಓಕ್ ಮರದ ಕಾಯಿ ಕುದುರೆಗೆ ವಿಷ, ಹಂದಿಗೆ ಮೃಷ್ಟಾನ್ನ. ಅದಕ್ಕಾಗಿ ಶರದೃತುವಿನಲ್ಲಿ ಕೆಲವು ವಾರಗಳ ಕಾಲ ಹಂದಿಗಳನ್ನು ಕಾಡಿಗೆ ಬಿಡುವರು. ಅವು ತಮ್ಮ ಹೊಟ್ಟೆಯನ್ನು ಹೊರೆದುಕೊಳ್ಳುತ್ತ ಕುದುರೆಗಳ ಪ್ರಾಣವನ್ನೂ ಕಾಯುತ್ತವೆ.

ನೆಲ ಒಬ್ಬರದು, ಮೇವು ಮತ್ತೊಬ್ಬರ ಪಶುವಿನದು. ನಮ್ಮ ಹಳ್ಳಿಗಳ ಗೋಮಾಳವನ್ನು ಬಲ್ಲವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಸ್ವಾಮ್ಯವೇ ಬೇರೆ, ಅನುಭೋಗವೇ ಬೇರೆ ಎಂಬ ಈ ಭೇದದ ಮೇಲೆ ಆ ಸೀಮೆಯ ಬಾಳುವೆಯೆಲ್ಲ ನಿಂತಿದೆ. ಅಂಥ ಸೀಮೆಯಲ್ಲಿಯೇ ನನ್ನ ಮಗಳ ಮನೆಯ ಒಂದು ಚಿಕ್ಕ ವ್ಯಾಜ್ಯವು ನನ್ನ ಮುಂದೆ ಬಂದಿತು.

ನನ್ನ ಅಳಿಯಂದಿರು ಸೌತಾಂಪ್ಟನ್ನಿನಲ್ಲಿ ಉದ್ಯೋಗದಲ್ಲಿದ್ದು, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ ವಾಸವಾಗಿದ್ದಾರೆ. ಹೋದ ವರ್ಷ ಏಪ್ರಿಲ್ ತಿಂಗಳಿನಿಂದ ಆಗಸ್ಟಿನವರೆಗೆ ನಾನು ಅವರಲ್ಲಿ ಇದ್ದೆನು. ಮೊಮ್ಮಗಳಿಗೆ ೧೬ ವರ್ಷ. ಅವಳಿಗೆ ಕುದುರೆ ಸವಾರಿಯಲ್ಲಿ ಬಲು ಆಸೆ. ಆದರೆ ಆ ದೇಶದಲ್ಲಿಯೂ ಕುದುರೆ ಸಾಕುವುದು ಎಲ್ಲರಿಗೂ ಎಟುಕುವ ಮಾತಲ್ಲ. ಕೊಳ್ಳುವ ಬೆಲೆಗಿಂತಲೂ ಮೇವು, ಲಾಳ, ವೈದ್ಯ, ಲಾಯದ ಬಾಡಿಗೆ ಇವುಗಳ ತಿಂಗಳ ವೆಚ್ಚವೇ ದೊಡ್ಡದು. ಹಾಗಾಗಿ ಅವಳು ತಾನೇ ಒಂದು ಉಪಾಯವನ್ನು ಹೂಡಿದಳು. ಹಳ್ಳಿಯ ಅಂಗಡಿಯ ಹಲಗೆಯ ಮೇಲೆ ಒಂದು ಚೀಟಿ ಅಂಟಿಸಿ ಬಂದಳು: ಲಾಯದ ಕೆಲಸವನ್ನು ಮಾಡಿಕೊಡುವೆನು, ಪ್ರತಿಯಾಗಿ ಸವಾರಿಗೆ ಅವಕಾಶ ಬೇಕು, ಹಣ ಬೇಡ.

ನನ್ನ ಮಗಳಿಗೆ ಇದು ಸರಿಬೀಳಲಿಲ್ಲ. ‘ಅಪ್ಪಾ, ನೀವೇ ಹೇಳಿ. ನಮ್ಮ ಮನೆಯ ಹುಡುಗಿ ಯಾರದೋ ಲಾಯದಲ್ಲಿ ಲದ್ದಿ ಬಾಚುವುದೇ? ಸಂಬಳವೂ ಇಲ್ಲ. ಓದುವ ಹೊತ್ತು ಹಾಳು. ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ?’ ಎಂದಳು. ಹುಡುಗಿಯು, ‘ತಾತ, ಒಂದು ಸಲ ಬಂದು ನೋಡು, ಆಮೇಲೆ ಹೇಳು’ ಎಂದಳು. ನೋಡದೆ ತೀರ್ಪು ಹೇಳುವುದು ನ್ಯಾಯವಲ್ಲವಾದುದರಿಂದ ಒಂದು ಶನಿವಾರ ಬೆಳಗ್ಗೆ ಆರೂವರೆಗೆ ಅವಳ ಹಿಂದೆ ಹೊರಟೆನು.

ಅಂಥ ಲಾಯಗಳಿಗೆ ಅಲ್ಲಿ ‘ಲಿವರಿ ಯಾರ್ಡ್’ ಎನ್ನುವರು. ಕುದುರೆಯುಳ್ಳವರು ಬಾಡಿಗೆ ಕೊಟ್ಟು ಅಲ್ಲಿ ತಮ್ಮ ಕುದುರೆಯನ್ನು ಕಟ್ಟುತ್ತಾರೆ. ಹೆಚ್ಚು ಹಣ ಕೊಟ್ಟರೆ ಚಾಕರಿಯನ್ನೆಲ್ಲ ಲಾಯದವರೇ ನೋಡಿಕೊಳ್ಳುವರು. ಕಡಮೆ ಕೊಟ್ಟವರು ತಾವೇ ಬಂದು ದುಡಿಯಬೇಕು. ಕೆಲವರು ತಮ್ಮ ಕುದುರೆಯನ್ನು ಸವಾರಿ ಕಲಿಸುವುದಕ್ಕೆ ಲಾಯಕ್ಕೆ ಬಿಟ್ಟುಕೊಟ್ಟು ಬಾಡಿಗೆಯನ್ನು ಇಳಿಸಿಕೊಳ್ಳುವುದೂ ಉಂಟು. ಮೊಮ್ಮಗಳ ಚೀಟಿಗೆ ಉತ್ತರ ಕೊಟ್ಟವರು ತಾವೇ ದುಡಿಯುವವರ ಪೈಕಿ ಒಬ್ಬ ಮಹಿಳೆ. ವಯಸ್ಸು ೬೫ ದಾಟಿದೆ; ಮೊಣಕಾಲಿನ ನೋವು ಬೇರೆ. ಅವರದೊಂದು ಕಂದುಬಣ್ಣದ ಹೆಣ್ಣು ಪೋನಿ.

ಹುಡುಗಿಯು ಮೊದಲು ಕುದುರೆಯನ್ನು ಹೊರಗೆ ಕಟ್ಟಿದಳು. ಕವೆಗೋಲಿನಿಂದ ಲದ್ದಿಯನ್ನೂ ಒದ್ದೆ ಹುಲ್ಲನ್ನೂ ಬೇರ್ಪಡಿಸಿ ಕೈಗಾಡಿಗೆ ತುಂಬಿದಳು. ದೊಡ್ಡ ಕುದುರೆಯಾದರೆ ದಿನಕ್ಕೆ ೨೦ ಕಿಲೋ ಲದ್ದಿ ಹಾಕುವುದೆಂದೂ, ೨೫ ಲೀಟರಿಗೆ ಕಡಮೆಯಿಲ್ಲದೆ ನೀರು ಕುಡಿಯುವುದೆಂದೂ ಆ ಮಹಿಳೆ ಹೇಳಿದರು. ನೆಲ ಗುಡಿಸಿ ಹೊಸ ಹುಲ್ಲು ಹಾಸಿದ ಮೇಲೆ, ಒಂದೊಂದೇ ಕಾಲನ್ನು ಎತ್ತಿ ತೊಡೆಯ ಬಳಿ ಹಿಡಿದುಕೊಂಡು ಗೊರಸಿನ ಸಂದಿನ ಮಣ್ಣು ಕಲ್ಲುಗಳನ್ನು ಕೊಕ್ಕೆಯಿಂದ ಕೆದಕಿದಳು. ಬಳಿಕ ಮೈಯುಜ್ಜಿದಳು. ಇಷ್ಟಾಗುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆಯೇ ಜೀನು, ಕಡಿವಾಣ, ತಲೆಗೆ ಶಿರಸ್ತ್ರಾಣ. ಸವಾರಿಯಾದದ್ದು ಮುಕ್ಕಾಲು ಗಂಟೆ. ಹಿಂತಿರುಗಿ ಬಂದು ಬೆವರು ಒರೆಸಿ, ಜೀನಿನ ತೊಗಲಿಗೆ ಸಾಬೂನು ಹಚ್ಚಿ ಒರೆಸಿಡುವುದಕ್ಕೆ ಇನ್ನೂ ಅರ್ಧ ಗಂಟೆ.

ಆ ಮಹಿಳೆಯೊಡನೆ ನಾನು ಮಾತನಾಡಿದೆನು. ಕುದುರೆ ನಿಂತಲ್ಲೇ ನಿಂತರೆ ಕೆಡುವುದು; ಅದನ್ನು ನಡೆಯಿಸಲೇಬೇಕು. ಅದರ ಹೊಟ್ಟೆಯೂ ಸೂಕ್ಷ್ಮ. ತಿಂದದ್ದನ್ನು ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲವಾದುದರಿಂದ ಮೇವಿನ ತಪ್ಪು ಪ್ರಾಣಕ್ಕೇ ಬರಬಹುದು. ಮಂಡಿನೋವಿನ ತಮಗೆ ದಿನವೂ ಇದು ಸಾಧ್ಯವಿಲ್ಲ. ಕುದುರೆಯನ್ನು ಮಾರಲು ಮನಸ್ಸೂ ಬಾರದು. ‘ನಿಮ್ಮ ಮೊಮ್ಮಗಳಿಗೆ ನಾನು ಉಪಕಾರ ಮಾಡುತ್ತಿದ್ದೇನೆಂದು ಎಲ್ಲರೂ ತಿಳಿದಿದ್ದಾರೆ. ಅವಳು ಬಾರದಿದ್ದರೆ ಈ ಕುದುರೆ ನನ್ನ ಬಳಿ ಉಳಿಯುವುದಿಲ್ಲ’ ಎಂದರು. ಹಾಗಾದರೆ ಇದು ದಾನವೂ ಅಲ್ಲ, ಚಾಕರಿಯೂ ಅಲ್ಲ. ನಮ್ಮ ರೈತರು ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವ ಮುಯ್ಯಾಳಿನ ಕ್ರಮವೇ ಸರಿ.

ಇನ್ನು ಲದ್ದಿಯ ವಿಷಯ. ಮಗಳಿಗೆ ಮಹಾಭಾರತವನ್ನು ಜ್ಞಾಪಿಸಿದೆನು. ನಿಷಧದ ಒಡೆಯನಾಗಿದ್ದ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯವನ್ನು ಸೇರಿದನು. ಅಲ್ಲಿಯೂ ನಡೆದದ್ದು ವಿನಿಮಯವೇ. ನಳನ ಅಶ್ವಹೃದಯಕ್ಕೆ ಪ್ರತಿಯಾಗಿ ರಾಜನ ಅಕ್ಷಹೃದಯ. ನಕುಲನು ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಕುದುರೆಗಳನ್ನು ನೋಡಿಕೊಂಡನು. ಜಯದ್ರಥವಧೆಯ ದಿನ ಶ್ರೀಕೃಷ್ಣನು ರಣರಂಗದ ನಡುವೆಯೇ ಕುದುರೆಗಳನ್ನು ಬಿಚ್ಚಿ, ಅವುಗಳ ಮೈಗೆ ನಾಟಿದ್ದ ಬಾಣಗಳನ್ನು ಕಿತ್ತು, ಮೈಯುಜ್ಜಿ ನೀರು ಕುಡಿಸಿದನು. ‘ಇವರಿಗೆ ಬಾರದ ಕುಂದು ನಮ್ಮ ಹುಡುಗಿಗೆ ಹೇಗೆ ಬಂದೀತಮ್ಮ?’ ಎಂದು ಕೇಳಿದೆನು. ಮಗಳು ನಕ್ಕಳು, ಆದರೆ ಒಪ್ಪಲಿಲ್ಲ. ‘ನಳನಿಗೆ ಮುಂದಿನ ತಿಂಗಳು ಪರೀಕ್ಷೆಯಿರಲಿಲ್ಲ’ ಎಂದಳು. ಅವಳ ಮಾತಿನಲ್ಲಿಯೂ ಹುರುಳಿತ್ತು.

ಕರಾರು ಬಾಯಿಮಾತಿನಲ್ಲಿ ಇರುವತನಕ ಇಂಥ ಅನುಮಾನಗಳು ತೀರುವಂತಿಲ್ಲ. ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಯಾಜ್ಞವಲ್ಕ್ಯರು ಪ್ರಮಾಣವೆಂದಿದ್ದಾರೆ. ಅದರಂತೆ ಎರಡು ಮನೆಯವರನ್ನೂ ಕೂಡಿಸಿ ಒಂದು ಹಾಳೆಯಲ್ಲಿ ಬರೆಯಿಸಿದೆನು. ವಾರಕ್ಕೆ ಎರಡು ಬೆಳಗು, ಪರೀಕ್ಷೆಯ ತಿಂಗಳಿನಲ್ಲಿ ಒಂದೇ ಬೆಳಗು ಕೆಲಸ. ಕೆಲಸ ಮಾಡಿದ ಬೆಳಗು ಸವಾರಿ. ಬಿದ್ದರೆ ವೆಚ್ಚಕ್ಕೆ ವಿಮೆ ಯಾರದೆಂಬುದು. ಒಂಟಿಯಾಗಿ ಕಾಡಿನೊಳಕ್ಕೆ ಹೋಗಬಾರದೆಂಬುದು. ಕುದುರೆಯನ್ನು ಮಾರುವ ಸಂದರ್ಭ ಬಂದರೆ ಒಂದು ತಿಂಗಳು ಮುಂಚಿತವಾಗಿ ಹುಡುಗಿಗೆ ತಿಳಿಸತಕ್ಕದ್ದೆಂಬುದು. ಕಡೆಯದನ್ನು ಬರೆಯುವಾಗ ಮೊಮ್ಮಗಳ ಮುಖ ಸಣ್ಣಗಾಯಿತು. ‘ಮಗು, ಕುದುರೆ ಅವರದು. ಅದನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊ’ ಎಂದೆನು.

ಒಂದು ಸಂಗತಿಯನ್ನು ಮಾತ್ರ ನಾವು ಯಾರೂ ಬರೆಯಲಿಲ್ಲ. ಜೂನ್ ತಿಂಗಳಿನಲ್ಲಿ ಆ ಕುದುರೆ ಕುಂಟಿತು. ಗೊರಸಿನೊಳಗೆ ಕೀವಾಗಿತ್ತು. ಲಾಳ ಕಟ್ಟುವವನು ಬಂದು ಗೊರಸನ್ನು ಕೆತ್ತಿ ಕೀವನ್ನು ಬಿಟ್ಟನು. ದಿನವೂ ಔಷಧಿಯ ಪಟ್ಟಿ ಕಟ್ಟಬೇಕು, ಸವಾರಿ ಕೂಡದು. ಸವಾರಿಯಿಲ್ಲವೆಂದ ಮೇಲೆ ಹಾಳೆಯ ಪ್ರಕಾರ ಕೆಲಸವೂ ಇಲ್ಲ. ಆ ಮಹಿಳೆಯೇ ಬಂದು, ಕುದುರೆ ಗುಣವಾಗುವವರೆಗೆ ಬರಬೇಕಾಗಿಲ್ಲವೆಂದು ತಿಳಿಸಿಹೋದರು.

ಮೂರು ವಾರ ಸವಾರಿಯಿರಲಿಲ್ಲ. ಆ ಮೂರು ವಾರವೂ ಹುಡುಗಿ ಶನಿವಾರ ಭಾನುವಾರ ಆರು ಗಂಟೆಗೆ ಎದ್ದು ಹೋದಳು. ಪರೀಕ್ಷೆ ಮುಗಿದ ಮೇಲೆ ಸಂಜೆಗಳಲ್ಲಿಯೂ ಹೋದಳು. ಕಾಲನ್ನು ಬಿಸಿನೀರಿನಲ್ಲಿ ಅದ್ದಿ, ಪಟ್ಟಿ ಬದಲಾಯಿಸಿ ಬರುವಳು. ಅವಳ ತಾಯಿ ಏನೂ ಮಾತಾಡಲಿಲ್ಲ. ಎರಡನೆಯ ಭಾನುವಾರ ನಾನು ಹಾಸಿಗೆಯಿಂದ ಎದ್ದು ಬಂದಾಗ ಅಡಿಗೆಯ ಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಚಪಾತಿ ಪಲ್ಯವನ್ನು ಡಬ್ಬಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಸಿಪ್ಪೆ ಹೆರೆದ ಎರಡು ಕ್ಯಾರೆಟ್ಟುಗಳಿದ್ದುವು. ‘ಅವು ಯಾರಿಗಮ್ಮ?’ ಎಂದೆನು. ‘ಕುದುರೆಗೆ’ ಎಂದಳು. ವ್ಯಾಜ್ಯವು ಅಲ್ಲಿಗೆ ಮುಗಿಯಿತು.

ಮಕ್ಕಳು ಪರರ ವಸ್ತುವನ್ನು ಆಶಿಸಿದಾಗ ತಂದೆತಾಯಿಗಳು ಸಾಮಾನ್ಯವಾಗಿ ಕೊಡಿಸುತ್ತಾರೆ, ಇಲ್ಲವೆ ಗದರಿಸುತ್ತಾರೆ. ದುಡಿದು ಅನುಭವಿಸುವ ಮೂರನೆಯ ದಾರಿಯೊಂದುಂಟು. ಕರಾರನ್ನು ಸ್ಪಷ್ಟವಾಗಿ ಬರೆದುಕೊಳ್ಳಿ. ಹೊತ್ತನ್ನೂ ಅಪಾಯವನ್ನೂ ಹಿರಿಯರು ವಿಚಾರಿಸಿಕೊಳ್ಳಿ. ಬಾಲಕರ ಶ್ರಮವನ್ನು ಯಾರೂ ಪುಕ್ಕಟೆಯಾಗಿ ಹಿಂಡದಂತೆ ಎಚ್ಚರದಿಂದಿರಿ. ಇಷ್ಟಾದ ಮೇಲೆ ಹಾಳೆಯಲ್ಲಿ ಹಿಡಿಯದ ಲಾಭವೂ ದೊರೆತರೆ ದೊರೆಯಬಹುದು. ನಾನು ಹೊರಡುವ ಹೊತ್ತಿಗೆ ಕುದುರೆಯ ಕಾಲು ಗುಣವಾಗಿತ್ತು. ಅದರ ಒಡತಿ ಬದಲಾಗಿರಲಿಲ್ಲ. ಆದರೆ ಮುಂಜಾನೆ ಅದು ಕಿವಿ ನಿಮಿರಿಸಿ ಬಾಗಿಲ ಕಡೆಗೆ ನೋಡುತ್ತಿದ್ದುದು ನಮ್ಮ ಹುಡುಗಿಯ ಹೆಜ್ಜೆಯ ಸಪ್ಪಳಕ್ಕೇ.